ಏಳಾಳು, ಮೇಲೊಂದು ಮೊಳ

ಉಸ್ಮಾನಭಾಯಿಯ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ನಾಲಿಗೆಯ ಬಗ್ಗೆ ಬರೆಯಬೇಕು. ಎಲುಬಿಲ್ಲದ ನಾಲಿಗೆ ಅನ್ನುತ್ತಾರಲ್ಲ, ನನ್ನದಕ್ಕೆ ಎಲುಬೂ ಇಲ್ಲ, ಬ್ರೇಕೂ ಇಲ್ಲ. ನಾನು ಶೀಲಾವತಿ, ಧಾರವಾಡದವಳು. ಮುಂಬಯಿಯ ಸಯನ್‌ನ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಖಾರಪುಡಿ ಅಂತಾರೆ, ಗೊತ್ತು. ಅದಕ್ಕೆ ಹೆಮ್ಮೆಪಟ್ಟವಳು ನಾನು. ಖಾರ ಇಲ್ಲದೆ ಗಣಿತ ತಲೆಗೆ ಹೋಗುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಆ ಮಾತು ನೆನಪಾದರೆ ಮೈ ಹಿಡಿಯಷ್ಟಾಗುತ್ತದೆ.

ಉಸ್ಮಾನಭಾಯಿ ಪರಾಂಚಿ ಕಟ್ಟುವವರು. ಮುಂಬಯಿಯಲ್ಲಿ ಹಳೆಯ ಬಿಲ್ಡಿಂಗಿಗೆ ಬಣ್ಣ ಹೊಡೆಯುವಾಗ, ರಿಪೇರಿ ಮಾಡುವಾಗ, ಸುತ್ತಲೂ ಬೊಂಬು ನಿಲ್ಲಿಸಿ, ಅಡ್ಡ ಬೊಂಬು ಬಿಗಿದು ಕೆಲಸದವರು ನಿಲ್ಲುವುದಕ್ಕೆ ಜಾಗ ಮಾಡುತ್ತಾರಲ್ಲ, ಅದೇ ಪರಾಂಚಿ. ಅವರ ಊರು ವಿಜಯಪುರದ ಕಡೆ, ಇಂಡಿ ತಾಲೂಕಿನ ಒಂದು ಹಳ್ಳಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಹದಿಮೂರನೇ ವಯಸ್ಸಿಗೆ ಸೋದರಮಾವನ ಹಿಂದೆ ರೈಲು ಹತ್ತಿ ಬಂದರಂತೆ. ಎರಡು ವರ್ಷ ಕೆಳಗೆ ನಿಂತು ಬೊಂಬು ಎತ್ತಿಕೊಡುವ ಕೆಲಸ. ಆಮೇಲೆ ಒಂದು ದಿನ ಮಾವ ಮೇಲೆ ಬಾ ಅಂದನಂತೆ. ಹೋದವರು ಈಗ ಐವತ್ತೆರಡಾದರೂ ಮೇಲೆಯೇ ಇದ್ದಾರೆ. ಮನೆ ವಿಕ್ರೋಳಿಯ ಗುಡ್ಡದ ಮೇಲಿನ ಚಾಳಿನಲ್ಲಿ. ಹೆಂಡತಿ ಯಾಸ್ಮೀನ ಮನೆಯಲ್ಲೇ ಸೀರೆಗೆ ಫಾಲ್ ಹೊಲಿಯುತ್ತಾಳೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಗೌಹರ, ನನ್ನ ಹತ್ತನೇ ತರಗತಿಯಲ್ಲಿ ಎರಡನೇ ಬೆಂಚು. ವಿಕ್ರೋಳಿಯಿಂದ ಸಯನ್‌ವರೆಗೆ ಬೆಳಗಿನ ಲೋಕಲ್‌ನಲ್ಲಿ ಅಪ್ಪ ಮಗಳು ಕೂಡಿಯೇ ಬರುತ್ತಿದ್ದರು.

ಅವರ ಬಳಿ ಟೇಪು ಇಲ್ಲ. ಒಂದು ಹಗ್ಗವಿದೆ, ಅದಕ್ಕೆ ತಮ್ಮ ಎತ್ತರಕ್ಕೆ ಒಂದರಂತೆ ಗಂಟು. ಐದೂವರೆ ಅಡಿ ಮನುಷ್ಯ, ಆದ್ದರಿಂದ ಐದೂವರೆ ಅಡಿಗೊಂದು ಗಂಟು. ನಮ್ಮ ಕಡೆ ಬಾವಿಯ ಆಳ ಹೇಳುವಾಗ ಮೂರಾಳು, ನಾಲ್ಕಾಳು ಅನ್ನುತ್ತೇವಲ್ಲ, ಅವರು ಅದನ್ನೇ ತಲೆಕೆಳಗು ಮಾಡಿ ಮುಂಬಯಿಯ ಬಿಲ್ಡಿಂಗಿಗೆ ಹಚ್ಚಿದ್ದಾರೆ. ಗಚ್ಚಿಯ ಮೇಲೆ, ಅಂದರೆ ತಾರಸಿಗೆ ಹೋಗಿ ಹಗ್ಗ ಇಳಿಬಿಟ್ಟು, ಕೆಳಗಿದ್ದವರು ಗಂಟು ಎಣಿಸಿ ಕೂಗಿ ಹೇಳಿದರೆ ಆ ಬಿಲ್ಡಿಂಗು ಎಷ್ಟಾಳು ಅಂತ ಗೊತ್ತಾಯಿತು. ಅದರ ಮೇಲೆ ಬೊಂಬಿನ ಲೆಕ್ಕ. ಎರಡು ಬೇಸಿಗೆ ಹಿಂದೆ ನಮ್ಮ ಶಾಲೆಗೆ ಬಣ್ಣ ಹೊಡೆಸಿದಾಗ ಪರಾಂಚಿ ಕಟ್ಟಿದವರು ಅವರೇ. ಆಗ ಎಂಟನೇ ಇಯತ್ತೆಯಲ್ಲಿದ್ದ ಗೌಹರ ಕೆಳಗೆ ಹಗ್ಗದ ತುದಿ ಹಿಡಿದು ನಿಂತು, ಏಳಾಳು, ಮೇಲೊಂದು ಮೊಳ ಅಂತ ಕೂಗಿದ್ದಳು. ಅಂದರೆ ಏಳು ಐದೂವರೆ ಮೂವತ್ತೆಂಟೂವರೆ, ಮೊಳ ಒಂದೂವರೆ, ಒಟ್ಟು ನಲವತ್ತು ಅಡಿ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಮೊದಲೇ ತಿಳಿದುಕೊಳ್ಳುವ ತಾಳ್ಮೆ ನನಗೆಲ್ಲಿತ್ತು!

ಈಗ ನನ್ನ ಕಥೆಗೆ ಬರುತ್ತೇನೆ. ಇಪ್ಪತ್ತನಾಲ್ಕು ವರ್ಷ ನಾನು ತ್ರಿಕೋನಮಿತಿ ಕಲಿಸಿದ್ದು ಮಗ್ಗಿ ಕಲಿಸಿದ ಹಾಗೆ. ಸೈನ್ ಮೂವತ್ತು ಅರ್ಧ, ಟ್ಯಾನ್ ನಲವತ್ತೈದು ಒಂದು, ಹೇಳಿ, ಇನ್ನೊಂದು ಸಲ ಹೇಳಿ. ಮಕ್ಕಳು ಪಾಸಾಗುತ್ತಿದ್ದರು, ನನ್ನ ಹೆಸರೂ ಚೆನ್ನಾಗಿತ್ತು. ಈ ವರ್ಷ ನಮ್ಮ ಮುಖ್ಯೋಪಾಧ್ಯಾಯರು ಸಿದ್ದಲಿಂಗಪ್ಪನವರಿಗೆ ಹೊಸ ಹುಮ್ಮಸ್ಸು ಬಂತು. ಮಕ್ಕಳು ಕೈಯಿಂದ ಮಾಡಿ ಕಲಿಯಬೇಕು, ಮಾದರಿಗಳನ್ನು ಮಾಡಿಸಿ, ಡಿಸೆಂಬರಿನಲ್ಲಿ ಪ್ರದರ್ಶನ ಇಡೋಣ ಅಂದರು. ಅದಕ್ಕಾಗಿ ನನ್ನನ್ನು ಬೊರಿವಲಿಗೆ ಒಂದು ದಿನದ ತರಬೇತಿಗೆ ಕಳಿಸಿದರು. ದಾದರಿನಲ್ಲಿ ಗಾಡಿ ಬದಲಿಸಿ, ನಿಂತೇ ಬೊರಿವಲಿ ಮುಟ್ಟಿ, ಹಿಂದಿನ ಕುರ್ಚಿಯಲ್ಲಿ ಕೂತು ನಾನು ಏನು ಮಾಡಿದೆ ಅಂದರೆ, ಒಂಬತ್ತನೆಯವರ ಉತ್ತರಪತ್ರಿಕೆ ತಿದ್ದಿದೆ. ಮುಂದೆ ಒಬ್ಬ ಹುಡುಗ ಮಾಸ್ತರ ನಿಂತು ಏನೋ ಹೇಳುತ್ತಿದ್ದ. ನಿನ್ನೆ ಮೊನ್ನೆ ಬಿ.ಎಡ್. ಮುಗಿಸಿದವನು ನನಗೇನು ಕಲಿಸುತ್ತಾನೆ ಅಂತ ನನ್ನ ಸೊಕ್ಕು.

ಅಲ್ಲಿ ತೋರಿಸಿದ ಎತ್ತರ ಅಳೆಯುವ ಸಾಧನ ಮಾಡುವುದಂತೂ ಸುಲಭ. ಕೋನಮಾಪಕದ ನೇರ ಅಂಚಿಗೆ ಜ್ಯೂಸಿನ ಸ್ಟ್ರಾ ಅಂಟಿಸಿ, ನಡುವಿನಿಂದ ದಾರ ಇಳಿಬಿಟ್ಟು, ತುದಿಗೆ ಒಂದು ನಟ್ಟು ಕಟ್ಟಿದರೆ ಮುಗಿಯಿತು. ಸ್ಟ್ರಾದೊಳಗಿಂದ ಬಿಲ್ಡಿಂಗಿನ ತುದಿ ನೋಡುತ್ತ ಹಿಂದೆ ಹಿಂದೆ ನಡೆಯುವುದು. ದಾರ ನಲವತ್ತೈದು ಡಿಗ್ರಿಗೆ ಬಂದಲ್ಲಿ ನಿಲ್ಲುವುದು. ಟ್ಯಾನ್ ನಲವತ್ತೈದು ಅಂದರೆ ಒಂದು, ಹಾಗಾಗಿ ಗೋಡೆಯಿಂದ ನೀನೆಷ್ಟು ದೂರ ನಿಂತಿದ್ದೀಯೋ ಬಿಲ್ಡಿಂಗು ಅಷ್ಟು ಎತ್ತರ. ನವೆಂಬರಿನ ಕೊನೆಯ ವಾರ ಹತ್ತನೆಯವರನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಇಪ್ಪತ್ತೆರಡು ಮಕ್ಕಳು, ನಾಲ್ಕು ಗುಂಪು. ನಾಲ್ಕೂ ಗುಂಪು ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ನಿಂತವು. ಅಳೆದರೆ ಮೂವತ್ತೈದು ಅಡಿ. ನಾನು ಎಷ್ಟು ಹಿಗ್ಗಿದೆ ಅಂದರೆ, ಅದೇ ಜಾಗಕ್ಕೆ ಸಿದ್ದಲಿಂಗಪ್ಪನವರನ್ನೂ ಕರೆಸಿ ತೋರಿಸಿದೆ.

ಆಗ ಗೌಹರ ಮೆಲ್ಲಗೆ ಬಂದು, ಟೀಚರ್, ನಮ್ಮ ಶಾಲೆ ನಲವತ್ತು ಅಡಿ ಆಗಬೇಕು ಅಂದಳು. ನಮ್ಮ ಅಬ್ಬಾ ಹಗ್ಗ ಬಿಟ್ಟು ಅಳೆದಿದ್ದಾರೆ, ಗಂಟು ನಾನೇ ಎಣಿಸಿದ್ದೇನೆ ಅಂದಳು. ಮುಖ್ಯೋಪಾಧ್ಯಾಯರು ಇನ್ನೂ ಅಲ್ಲೇ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮ ಅಬ್ಬಾ ಎಷ್ಟನೇತ್ತಿ ಕಲ್ತಾನ?" ಅಂದೆ.

"ನಾಲ್ಕನೇತ್ತಿರಿ."

"ನಾಲ್ಕನೇತ್ತಿ ಕಲ್ತಾಂವಂದು ಖರೆ, ಟ್ಯಾನ್ ನಲವತ್ತೈದು ಸುಳ್ಳು, ಹಂಗೇನು?"

ಮಕ್ಕಳು ನಕ್ಕರು. ನಾನೂ ನಕ್ಕೆ. ಸಿದ್ದಲಿಂಗಪ್ಪನವರು ಮಾತ್ರ ನಗದೆ ಆಚೆ ನೋಡಿದರು. ಗೌಹರ ತನ್ನ ನೋಟ್‌ಬುಕ್ಕಿನಲ್ಲಿ ಮೂವತ್ತೈದು ಬರೆಯಲಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದಳು. ಅದು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಮಾದರಿ ತರುವ ದಿನ ಉಳಿದವರೆಲ್ಲ ಥರ್ಮೋಕೋಲು, ಬಣ್ಣದ ಕಾಗದ ತಂದರೆ ಈ ಹುಡುಗಿ ಬೊಂಬಿನದು ತಂದಳು. ಒಂದು ಹಲಗೆ, ಅದರ ಮೇಲೆ ಗೋಡೆಯಂತೆ ನಿಲ್ಲಿಸಿದ ಬೊಂಬಿನ ಪಟ್ಟಿ, ಅದಕ್ಕೆ ಒರಗಿಸಿದ ಸಣ್ಣ ಏಣಿ. ಏಣಿಯ ಕಾಲು ಹಲಗೆಯಲ್ಲಿ ಕೊರೆದ ಸೀಳಿನಲ್ಲಿ ಹಿಂದೆ ಮುಂದೆ ಸರಿಯುತ್ತಿತ್ತು. ಕಾಲು ಗೋಡೆಯ ಹತ್ತಿರ ತಂದರೆ ತಲೆ ಮೇಲೇರುತ್ತದೆ, ದೂರ ಸರಿಸಿದರೆ ಇಳಿಯುತ್ತದೆ. ಗೋಡೆಗೂ ಹಲಗೆಗೂ ಗೆರೆ ಕೊರೆದಿತ್ತು, ಏಣಿಯ ಉದ್ದ ಮಾತ್ರ ಯಾವಾಗಲೂ ಅಷ್ಟೇ. ಕೋನ ಬದಲಾದಂತೆ ಸೈನ್ ಹೇಗೆ ಏರುತ್ತದೆ, ಕೊಸೈನ್ ಹೇಗೆ ಇಳಿಯುತ್ತದೆ ಅಂತ ಕಣ್ಣಿಗೆ ಕಾಣುತ್ತಿತ್ತು. ನಾನು ನನ್ನ ಜೀವಮಾನದಲ್ಲಿ ಅದನ್ನು ಹಾಗೆ ನೋಡಿರಲಿಲ್ಲ. ಇದು ಸತ್ಯ. ಸತ್ಯ ಹೇಳಿದರೆ ನಾನು ಟೀಚರು ಹೇಗಾದೇನು! ಇದು ನಿಮ್ಮಪ್ಪ ಮಾಡಿಕೊಟ್ಟದ್ದು, ನಿನ್ನದೇನಿದೆ ಅಂತ ಹತ್ತಕ್ಕೆ ನಾಲ್ಕು ಹಾಕಿದೆ. ಆಂತರಿಕ ಅಂಕ ಬೋರ್ಡಿನ ಪರೀಕ್ಷೆಗೆ ಸೇರುತ್ತದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಡಿಸೆಂಬರಿನ ಎರಡನೇ ಶನಿವಾರ ಪ್ರದರ್ಶನ. ಮೆಟ್ಟಿಲ ಹತ್ತಿರ ದೊಡ್ಡ ಹಾಳೆಯಲ್ಲಿ 'ನಮ್ಮ ಶಾಲೆಯ ಎತ್ತರ 35 ಅಡಿ' ಅಂತ ನನ್ನ ಕೈಯಾರೆ ಬರೆದು ಹಚ್ಚಿದ್ದೆ. ತಂದೆ ತಾಯಂದಿರು ಬಂದಿದ್ದರು, ಸಂಸ್ಥೆಯ ಟ್ರಸ್ಟಿ ಅನಿಲಕುಮಾರರು ಬಂದಿದ್ದರು. ಉಸ್ಮಾನಭಾಯಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಮಗಳ ಮಾದರಿಯ ಪಕ್ಕ ನಿಂತು, ಬಂದವರಿಗೆಲ್ಲ ಏಣಿ ಸರಿಸಿ ತೋರಿಸುವ ಅವಳನ್ನು ನೋಡುತ್ತಿದ್ದರು.

ಅನಿಲಕುಮಾರರು ಮೆಟ್ಟಿಲ ಹತ್ತಿರದ ಹಾಳೆ ಓದಿ, ಭಲೆ ಅಂದರು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಸುಮ್ಮನಿರಲಾರದವಳು ಇರುವೆ ಬಿಟ್ಟುಕೊಂಡಳಂತೆ. ಸರ್, ನಮ್ಮ ಒಬ್ಬ ಹುಡುಗಿ ಇದನ್ನು ಒಪ್ಪುವುದಿಲ್ಲ, ಅವರ ತಂದೆ ಹಗ್ಗದಲ್ಲಿ ಅಳೆದು ನಲವತ್ತು ಅಂದಿದ್ದಾರಂತೆ, ಕೇಳೋಣ ಬನ್ನಿ ಅಂತ ನಾನೇ ಕರೆದುಕೊಂಡು ಹೋದೆ. ನಗುನಗುತ್ತಲೇ ಕರೆದುಕೊಂಡು ಹೋದೆ. ಹತ್ತಿಪ್ಪತ್ತು ಜನ ಸುತ್ತ ನಿಂತರು. ಉಸ್ಮಾನಭಾಯಿ, ನೀವೇ ಹೇಳಿ, ನಿಮ್ಮ ಹಗ್ಗ ಸರಿಯೋ ನಮ್ಮ ಗಣಿತ ಸರಿಯೋ ಅಂದೆ.

ಅವರು ಮೊದಲು ನನ್ನ ಮುಖ ನೋಡಿದರು. ಆಮೇಲೆ ಮಗಳ ಮುಖ. ಗೌಹರ ಏಣಿ ಹಿಡಿದುಕೊಂಡು ಅಬ್ಬಾ ಏನು ಹೇಳುತ್ತಾರೆ ಅಂತ ಕಾಯುತ್ತಿದ್ದಳು. ಹೇಳುತ್ತಾರೆ ಅನ್ನುವ ಧೈರ್ಯ ಅವಳ ಮುಖದಲ್ಲಿತ್ತು.

"ಟೀಚರ್ ಹೇಳಿದ್ದ ಖರೆ ಇರಬೇಕ್ರಿ," ಅಂದರು ಉಸ್ಮಾನಭಾಯಿ. "ನಾವು ಕೈ ಅಂದಾಜಿನ್ಯಾಗ ಕೆಲಸ ಮಾಡೋ ಮಂದಿ. ನಮ್ಮ ಅಳತ್ಯಾಗ ಐದಾರು ಫೂಟು ಹಿಂದಮುಂದ ಆಗ್ತದ."

ಎಲ್ಲರೂ ನಕ್ಕರು. ಅನಿಲಕುಮಾರರು ಅವರ ಬೆನ್ನು ತಟ್ಟಿ, ಪ್ರಾಮಾಣಿಕ ಮನುಷ್ಯ ಅಂದರು. ಗೌಹರ ನಗಲಿಲ್ಲ, ಅಳಲಿಲ್ಲ. ಅಬ್ಬಾನ ಕಡೆ ಒಂದೇ ಸಮ ನೋಡಿದಳು. ಪ್ರದರ್ಶನ ಮುಗಿಯುವ ಮೊದಲೇ ತನ್ನ ಹಲಗೆ ಎತ್ತಿಕೊಂಡು ಹೋಗಿಬಿಟ್ಟಿದ್ದಳು.

ನಾಲ್ಕು ದಿನ ಕಳೆದು ಬುಧವಾರ ಅದೇ ಸಾಧನ ಕೊಟ್ಟು ಒಂಬತ್ತನೆಯವರನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಅದರಲ್ಲಿ ರಾಧಿಕಾ ಅಂತ ಒಬ್ಬಳು ತುಂಟಿ. ಎಲ್ಲರೂ ನಿಂತು ನೋಡುತ್ತಿದ್ದರೆ ಅವಳು ಸ್ಟ್ರಾವನ್ನು ಬಂದೂಕು ಮಾಡಿಕೊಂಡು, ಸೈನಿಕರ ಹಾಗೆ ನೆಲಕ್ಕೆ ಹೊಟ್ಟೆಯೂರಿ ಮಲಗಿ ಗಚ್ಚಿಗೆ ಗುರಿ ಇಡುತ್ತಿದ್ದಳು. ನಿಂತವರ ದಾರ ಮೂವತ್ತೈದು ಅಡಿ ದೂರದಲ್ಲಿ ನಲವತ್ತೈದು ಡಿಗ್ರಿಗೆ ಬಂದಿತ್ತು. ಅವಳದು ಅಲ್ಲಿ ನಲವತ್ತೈದಕ್ಕೆ ಬರುತ್ತಿರಲಿಲ್ಲ. ತೆವಳುತ್ತ ತೆವಳುತ್ತ ಹಿಂದಕ್ಕೆ ಸರಿದಳು. ಎದ್ದೇಳೇ ಮಂಗ್ಯಾ, ಸ್ಕರ್ಟು ಮಣ್ಣಾಯಿತು ಅಂತ ನಾನು ಕೂಗುತ್ತಿದ್ದೇನೆ, ಅವಳ ಗೆಳತಿ ಟೇಪು ಹಿಡಿದು, ಟೀಚರ್, ಇವಳದು ನಲವತ್ತು ಬಂತು ಅಂದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮೊದಲು ಸಾಧನವನ್ನೇ ಬೈದೆ. ದಾರ ಸಿಕ್ಕಿಕೊಂಡಿದೆ ಅಂದೆ. ಬೇರೆ ಸಾಧನ ಕೊಟ್ಟರೂ ನಲವತ್ತು. ಆಗ ಹೊಳೆಯಿತು. ನಿಂತವರ ಕಣ್ಣು ನೆಲದಿಂದ ಐದಡಿ ಮೇಲಿದೆ. ಅವರು ಅಳೆಯುತ್ತಿರುವುದು ಕಣ್ಣಿನಿಂದ ಮೇಲಿನದನ್ನು. ಕೆಳಗಿನ ಐದಡಿಯನ್ನು ಕೂಡಿಸಲೇ ಇಲ್ಲವಲ್ಲ! ಪುಸ್ತಕದ ಲೆಕ್ಕಗಳಲ್ಲಿ ನೋಡುವವನ ಎತ್ತರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಬರೆದಿರುತ್ತಾರೆ. ಇಪ್ಪತ್ತನಾಲ್ಕು ವರ್ಷ ಆ ಸಾಲನ್ನು ಓದಿಸಿ ಓದಿಸಿ, ನಿಜವಾದ ಗೋಡೆಯ ಮುಂದೆ ಒಂದು ದಿನವೂ ನಿಲ್ಲದ ನನಗೆ ನೋಡುವವನಿಗೂ ಎತ್ತರ ಇರುತ್ತದೆ ಅನ್ನುವುದೇ ಮರೆತುಹೋಗಿತ್ತು. ಬೊರಿವಲಿಯ ಆ ಹುಡುಗ ಮಾಸ್ತರ ಹೇಳಿಯೇ ಇರುತ್ತಾನೆ. ನಾನು ತಲೆ ತಗ್ಗಿಸಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಆ ಹೊತ್ತಿಗೇ ಹತ್ತನೇ ತರಗತಿಗೆ ಹೋಗಿ ಹೇಳಬೇಕಿತ್ತು. ಮೆಟ್ಟಿಲು ಹತ್ತಿದೆ ಕೂಡ. ಬಾಗಿಲ ಹತ್ತಿರ ನಿಂತು ಒಳಗಿನ ಇಪ್ಪತ್ತೆರಡು ತಲೆ ನೋಡಿದೆ. ನಾಳೆ ಹೇಳಿದರಾಯಿತು ಅಂತ ತಿರುಗಿ ಬಂದೆ. ಬರುವಾಗ ಮೆಟ್ಟಿಲ ಹತ್ತಿರದ ಹಾಳೆಯನ್ನು ಕಿತ್ತು, ಸುರುಳಿ ಸುತ್ತಿ, ಸ್ಟಾಫ್ ರೂಮಿನ ಬೀರುವಿನ ಹಿಂದೆ ತುರುಕಿದೆ. ಗೌಹರಳ ಹೆಸರಿನ ಮುಂದಿನ ನಾಲ್ಕನ್ನು ಹೊಡೆದು ಹತ್ತು ಮಾಡಿದೆ. ಅಂಕ ಕೊಟ್ಟೆನಲ್ಲ, ಅದಕ್ಕೂ ಇದಕ್ಕೂ ಚುಕ್ತಾ ಆಯಿತು ಅಂತ ಮನಸ್ಸಿಗೆ ಹೇಳಿಕೊಂಡೆ. ಕಳ್ಳಿ ಮಾಡುವ ಕೆಲಸ ಅದು. ಇಷ್ಟು ವರ್ಷದಲ್ಲಿ ಮಕ್ಕಳಿಗೆ, ತಪ್ಪಾದರೆ ಹೊಡೆದುಹಾಕಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ ಅಂತ ಹೇಳಿದವಳೂ ನಾನೇ.

ನಾಳೆ ನಾಳೆ ಅಂತ ಎರಡು ವಾರ ಹೋಯಿತು. ಕ್ಲಾಸಿನಲ್ಲಿ ನನ್ನ ಕಣ್ಣು ಎರಡನೇ ಬೆಂಚಿಗೆ ಹೋಗಲು ಹೆದರುತ್ತಿತ್ತು. ಗೌಹರ ಮೊದಲಿನ ಹುಡುಗಿಯಾಗಿ ಉಳಿದಿರಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಂತು ಸುಮ್ಮನಿರುತ್ತಿದ್ದಳು. ವಾರದ ಟೆಸ್ಟಿನಲ್ಲಿ, ಗೋಡೆಗೆ ಒರಗಿಸಿದ ಏಣಿ ಎಷ್ಟು ಎತ್ತರ ಮುಟ್ಟುತ್ತದೆ ಅನ್ನುವ ಲೆಕ್ಕಕ್ಕೆ ಚಿತ್ರವನ್ನೂ ಬರೆಯದೆ ಹಾಳೆ ಕೊಟ್ಟಳು. ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿಗೆ ಹೋಗಿ, ಅಬ್ಬಾಗೊಂದು ಫೋನು ಮಾಡಬೇಕು ಅಂತ ಕೇಳುತ್ತಾಳೆ, ಎರಡೇ ಮಾತು ಆಡಿ ಇಡುತ್ತಾಳೆ ಅಂತ ಗುಮಾಸ್ತರು ದೂರಿದರು. ಬೆಳಿಗ್ಗೆ ಲೋಕಲ್‌ನಲ್ಲಿ ಮಾತು ಮುಗಿಯಲಿಲ್ಲವೇನು ಅಂತ ನಾನು ಗದರಿಸಿದೆ. ಆಕೆ ತಲೆ ತಗ್ಗಿಸಿದಳು. ಅಪ್ಪ ಎಲ್ಲರ ಮುಂದೆ ನಗೆಪಾಟಲಾದ ನಾಚಿಕೆ ಹುಡುಗಿಯನ್ನು ತಿನ್ನುತ್ತಿದೆ ಅಂತ ನಾನು ತಿಳಿದೆ. ನನಗೆ ನಾಚಿಕೆಯೊಂದೇ ಗೊತ್ತಿತ್ತು ಆಗ, ಎಲ್ಲಿ ನೋಡಿದರೂ ಅದೇ ಕಾಣುತ್ತಿತ್ತು.

ಆ ಬುಧವಾರದಿಂದ ಮೂರನೇ ಶನಿವಾರ ಶಾಲೆ ಬಿಟ್ಟ ಮೇಲೆ ಗುಮಾಸ್ತರ ಬಳಿ ಉಸ್ಮಾನಭಾಯಿಯ ನಂಬರು ತೆಗೆದುಕೊಂಡು ಫೋನು ಮಾಡಿದೆ. ಸಯನ್ ಸ್ಟೇಶನ್ನಿನ ಆಚೆ ಒಂದು ಸೊಸೈಟಿಯಲ್ಲಿ ಕೆಲಸ ನಡೆದಿದೆ, ನಾನೇ ಶಾಲೆಗೆ ಬರುತ್ತೇನೆ ಅಂದರು. ಬೇಡ, ನಾನೇ ಬರುತ್ತೇನೆ ಅಂದೆ. ಹೋಗಿ ಕೆಳಗೆ ನಿಂತು ನೋಡಿದರೆ ಐದನೇ ಮಹಡಿಯ ಎತ್ತರದಲ್ಲಿ ಒಂದು ಬೊಂಬಿನ ಮೇಲೆ ಬರಿಗಾಲಲ್ಲಿ ನಿಂತು, ಇನ್ನೊಂದನ್ನು ಭುಜಕ್ಕೆ ಒರಗಿಸಿಕೊಂಡು, ಎರಡೂ ಕೈಯಿಂದ ಗಂಟು ಬಿಗಿಯುತ್ತಿದ್ದರು. ಕೆಳಗೆ ಯಾರು ನಿಂತಿದ್ದಾರೆ ಅಂತ ನೋಡಲೇ ಇಲ್ಲ. ಗಂಟು ಮುಗಿದ ಮೇಲೇ ನೋಡಿದರು. ಇಳಿದು ಬಂದು, ಲುಂಗಿಗೆ ಕೈ ಒರೆಸಿಕೊಂಡು, ವಾಚ್‌ಮನ್ನನ ಕುರ್ಚಿ ತಂದು ಹಾಕಿದರು. ನಾನು ಕೂರಲಿಲ್ಲ.

"ಉಸ್ಮಾನಭಾಯಿ, ಸಾಲಿ ನಲವತ್ತ ಫೂಟ ಐತಿ. ತಪ್ಪು ನಂದು."

"ಗೊತ್ತದರಿ ಟೀಚರ್," ಅಂದರು ಅವರು, ಯಾವ ಕುಹಕವೂ ಇಲ್ಲದೆ. "ಮೂವತ್ತೈದಕ್ಕ ಬೊಂಬು ತರಸಿದ್ರ ನಿಮ್ಮ ಗಚ್ಚಿ ಕಟ್ಟಿಗೆ ಬಣ್ಣನ ಹತ್ತತಿದ್ದಿಲ್ಲ."

"ಮತ್ತ ಅವತ್ತ ಯಾಕ ಹಂಗ ಹೇಳಿದ್ರಿ?"

"ಮಾರ್ಚದಾಗ ಆಕಿ ಪರೀಕ್ಷಾ ಅದರಿ. ಟೀಚರ್ ಹೇಳೂದು ತಪ್ಪು ಅಂತ ಆಕಿ ತಲ್ಯಾಗ ಕುಂತಬಿಟ್ರ, ಮುಂದ ನೀವು ಹೇಳಿದ್ದ್ಯಾವದೂ ಒಳಗ ಇಳಿಯಂಗಿಲ್ಲ. ನಾ ತಪ್ಪಂದ್ರ ಏನಾತ್ರಿ? ನಾ ಏನ ಆಕಿಗೆ ಗಣಿತ ಕಲಸ್ತೀನೇನು?"

ನೆಲ ಬಿರಿದು ನುಂಗಬಾರದೆ ಅನಿಸಿತು. ಮನುಷ್ಯ ತನ್ನ ಮೂವತ್ತೊಂಬತ್ತು ವರ್ಷದ ಕಸುಬನ್ನು ಹತ್ತಿಪ್ಪತ್ತು ಜನರ ಮುಂದೆ ಸುಳ್ಳು ಮಾಡಿದ್ದು ನನ್ನ ಮರ್ಯಾದೆಗಾಗಿ ಅಲ್ಲ, ಮಗಳಿಗೆ ನನ್ನಿಂದ ಗಣಿತ ಬೇಕಾಗಿತ್ತು ಅನ್ನುವುದಕ್ಕಾಗಿ. ನಾನು ಅದಕ್ಕೂ ಯೋಗ್ಯಳಾಗಿರಲಿಲ್ಲ. ಅವರಾಗಿಯೇ ಇನ್ನಷ್ಟು ಹೇಳಿದರು. ಗೌಹರ ಈಗ ಭಾನುವಾರ ಕೆಲಸದ ಜಾಗಕ್ಕೆ ಊಟದ ಡಬ್ಬಿ ತಂದರೆ ಮೇಲೆ ನೋಡುವುದಿಲ್ಲವಂತೆ, ಗೇಟಿನಲ್ಲೇ ಇಟ್ಟು ಹೋಗುತ್ತಾಳಂತೆ. ಪರಾಂಚಿ ಬಿಡು, ಎಲ್ಲಾದರೂ ವಾಚ್‌ಮನ್ ಕೆಲಸ ಹಿಡಿ ಅಂತ ಹಟ ಹಿಡಿದಿದ್ದಾಳಂತೆ.

"ದೊಡ್ಡಾಕಿ ಆದಳ್ರಿ," ಅಂದರು. "ಗೆಳತ್ಯಾರ ಮುಂದ ಅಬ್ಬಾನ ಕೆಲಸದ ನಾಚಿಕಿ ಬರ್ತಿರಬೇಕು. ಬಿಡ್ರಿ, ರಿಸಲ್ಟ್ ಬರಲಿ, ಆಮ್ಯಾಲ ನೋಡೂಣು. ನೀವೇನೂ ಹೇಳಾಕ ಹೋಗಬ್ಯಾಡ್ರಿ."

ಹೇಳಬೇಡಿ ಅಂದರು. ನನ್ನೊಳಗಿನ ಹೇಡಿಗೆ ಅದು ಎಷ್ಟು ಹಿತವಾಗಿ ಕೇಳಿಸಿತು ಅಂದರೆ, ಮನೆಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಯವರೆಗೆ ನಾನು ಆ ಮಾತನ್ನೇ ಹಿಡಿದು ಕೂತಿದ್ದೆ. ಅವರೇ ಬೇಡ ಅಂದ ಮೇಲೆ ನಾನ್ಯಾಕೆ ಅಂತ. ಆಮೇಲೆ ಗೇಟಿನಲ್ಲೇ ಡಬ್ಬಿ ಇಟ್ಟು ಹೋಗುವ ಹುಡುಗಿ ಕಣ್ಣ ಮುಂದೆ ಬಂದಳು. ಅಪ್ಪನ ಮುಖ ನೋಡಲೂ ನಾಚುವ ಹಾಗೆ ಮಾಡಿದವಳು ನಾನು, ಥೂ ನನ್ನ ಜನ್ಮಕ್ಕೆ ಅನಿಸಿತು.

ಸೋಮವಾರ ಎರಡನೇ ಪೀರಿಯಡ್ಡು. ಹಾಜರಿ ತೆಗೆದುಕೊಂಡು, ಬೀರುವಿನ ಹಿಂದಿನಿಂದ ತಂದ ಹಾಳೆಯನ್ನು ಬೋರ್ಡಿಗೆ ಹಚ್ಚಿದೆ. ಮೂವತ್ತೈದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನಲವತ್ತು ಅಂತ ಬರೆದೆ. ಕಣ್ಣಿನ ಎತ್ತರ ಕೂಡಿಸಬೇಕಿತ್ತು, ಕೂಡಿಸಲಿಲ್ಲ, ಅದು ನನಗೆ ಗೊತ್ತಿರಲಿಲ್ಲ ಅಂದೆ. ಗೊತ್ತಿರಲಿಲ್ಲ ಅನ್ನುವ ಶಬ್ದ ಮೊದಲ ಸಲ ಯಾರಿಗೂ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಬೇಕಾಯಿತು. ಗೊತ್ತಾದ ಮೇಲೂ ಹತ್ತೊಂಬತ್ತು ದಿನ ಮುಚ್ಚಿಟ್ಟೆ ಅಂದೆ. ಗೌಹರಳ ತಂದೆ ಹೇಳಿದ್ದೇ ಸರಿ, ಅವರಿಗೆ ಅದು ಅವತ್ತೇ ಗೊತ್ತಿತ್ತು, ಮಗಳಿಗೆ ನನ್ನ ಪಾಠದ ಮೇಲೆ ನಂಬಿಕೆ ಹೋಗಬಾರದು ಅಂತ ತಮ್ಮದೇ ತಪ್ಪು ಅಂದರು, ಅಂಥವರನ್ನು ನಾನು ಎಷ್ಟನೇತ್ತಿ ಕಲ್ತಾನ ಅಂತ ಕೇಳಿದೆ ಅಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಗಲಿ ಬಿಡು ಅಂದುಕೊಂಡೆ. ಇಷ್ಟು ದಿನ ನಾನು ನಗಿಸಿದ್ದು ಬೇರೆಯವರ ಮೇಲೆ.

ಗೌಹರ ಎದ್ದು ನಿಂತಳು.

"ಅಬ್ಬಾನ ಅಳತಿ ಸರಿ ಅದರೀ?"

"ಸರಿ ಐತಿ. ಒಂದ ಬೆರಳಿನಷ್ಟೂ ತಪ್ಪಿಲ್ಲ."

"ಐದಾರು ಫೂಟು ಹಿಂದಮುಂದ ಆಗಂಗಿಲ್ಲರೀ?"

ಇಲ್ಲವೇ ಇಲ್ಲ ಅಂದೆ. ಇವಳು ಯಾಕೆ ಮತ್ತೆ ಮತ್ತೆ ಅದನ್ನೇ ಕೇಳುತ್ತಾಳೆ ಅಂತ ನನಗೆ ಹೊಳೆಯಲಿಲ್ಲ. ಅವಳ ಕೈ ಬೆಂಚಿನ ಅಂಚನ್ನು ಹಿಡಿದಿತ್ತು.

"ಮ್ಯಾಲ ಅಬ್ಬಾಗ ಕಾಲಿಡಾಕ ಒಂದ ಬೊಂಬು ಇರ್ತದರಿ ಟೀಚರ್," ಅಂದಳು. "ಅಳತ್ಯಾಗ ಐದು ಫೂಟು ತಪ್ಪತದ ಅಂತ ಅಬ್ಬಾನ ಅಂದ್ರು. ಅವತ್ತಿನಿಂದ ನಂಗ ದಿನಾ ಇವತ್ತ ಬೀಳ್ತಾರ, ಇವತ್ತ ಬೀಳ್ತಾರ ಅಂತನ. ಮಧ್ಯಾಹ್ನ ಫೋನ ಹಚ್ಚತಿದ್ದೆ, ಎತ್ತಿದ್ರ ಸಾಕಂತ."

ನಾನು ಗದರಿಸಿದ ಆ ಫೋನು. ಮೇಲೆ ನೋಡದೆ ಗೇಟಿನಲ್ಲಿಟ್ಟ ಡಬ್ಬಿ. ನಾನೂ, ಅವಳ ಅಪ್ಪನೂ, ಇಬ್ಬರು ದೊಡ್ಡವರು ಕೂಡಿ ಅದನ್ನು ನಾಚಿಕೆ ಅಂದುಕೊಂಡಿದ್ದೆವು. ಅಪ್ಪನ ಬಗ್ಗೆ ಆ ಹುಡುಗಿ ಒಂದು ಕ್ಷಣವೂ ನಾಚಿಕೊಂಡಿರಲಿಲ್ಲ. ಮೂರು ವಾರ ಪ್ರತಿ ದಿನ ಅಪ್ಪ ಸಾಯುವುದನ್ನು ಕಾದಿದ್ದಳು, ನನ್ನ ಒಂದು ಮಾತಿನಿಂದ, ನನ್ನ ಮುಂದೆಯೇ ಎರಡನೇ ಬೆಂಚಿನಲ್ಲಿ ಕೂತು.

ಅಬ್ಬಾಗೆ ಈಗಲೇ ಫೋನು ಮಾಡಲೇ ಅಂತ ಕೇಳಿದಳು. ನನ್ನ ಫೋನು ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ಮೊದಲು ಕನ್ನಡದಲ್ಲಿ, ಆಮೇಲೆ ಅಳುತ್ತ ಅವರ ಮನೆಯ ದಖ್ಖಣಿ ಉರ್ದುವಿನಲ್ಲಿ ಮಾತಾಡಿದಳು. ನಾನು ಚಾಕ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಮಾತು ಮುಗಿಸಿ, ದುಪಟ್ಟಾದಿಂದ ಫೋನಿನ ಮೇಲಿನ ಒದ್ದೆ ಒರೆಸಿ, ಎರಡೂ ಕೈಯಿಂದ ನನಗೆ ಕೊಟ್ಟಳು.

"ಟೀಚರಗ ಬ್ಯಾಸರ ಮಾಡ್ಕೋಬ್ಯಾಡ್ರಿ ಅಂತ ಹೇಳು ಅಂದಾರ್ರಿ ಅಬ್ಬಾ," ಅಂದಳು.

ಪಾಠಕ್ಕೆ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ನಾನು ಬೋರ್ಡಿನ ಕಡೆ ಮುಖ ಮಾಡಿ ನಿಂತೆ. ಗಂಟೆ ಹೊಡೆಯುವವರೆಗೂ ತಿರುಗಲಿಲ್ಲ.